ಬೇರು ಕಾಣದ ಚಿತ್ರ: ಅಣಬೆಗಳ ಜನಪದ ವರ್ಗೀಕರಣ ಮತ್ತು ಸಣ್ಣ ಕ್ಯಾಮೆರಾ

ಕನ್ನಡ ಜಾನಪದ ಅಧ್ಯಯನವು ಹಾಡು, ಕಥೆ, ಗಾದೆ, ಒಗಟು, ಆಚರಣೆಗಳ ಸಂಗ್ರಹದಲ್ಲಿ ತೋರಿದ ಶ್ರದ್ಧೆಯನ್ನು ಜನಪದರ ಆಹಾರಜ್ಞಾನದ ಬಗೆಗೆ ತಡವಾಗಿ ತೋರಿತು. ಅದರೊಳಗೂ ಹೆಚ್ಚು ಹಿಂದೆ ಉಳಿದದ್ದು ಅಣಬೆ. ಇದಕ್ಕೆ ವಿದ್ವಾಂಸರ ಉಪೇಕ್ಷೆಯೊಂದೇ ಕಾರಣವಲ್ಲ. ಸೊಪ್ಪಿನ ಗಿಡ ತಿಂಗಳುಗಟ್ಟಲೆ ನಿಂತಿರುತ್ತದೆ; ಒಣಗಿಸಿ ಹಾಳೆಗೆ ಅಂಟಿಸಿ ಇಡಬಹುದು. ಅಣಬೆ ಬೆಳಗಿನ ಜಾವ ಏಳುತ್ತದೆ, ಮರುದಿನ ಬಾಡುತ್ತದೆ, ಮೂರನೆಯ ದಿನ ಹುಳುಬಿದ್ದು ಕರಗುತ್ತದೆ. ಹಾಡಿನ ನುಡಿಯೊಂದನ್ನು ಮರೆತ ವಕ್ತೃವಿನ ಬಳಿಗೆ ಮುಂದಿನ ವಾರ ಮತ್ತೆ ಹೋಗಬಹುದು. ಅಣಬೆಯ ಬಳಿಗೆ ಹಾಗೆ ಹೋಗಲು ಬರುವುದಿಲ್ಲ. ಆದ್ದರಿಂದ ಈ ಕ್ಷೇತ್ರದಲ್ಲಿ ಛಾಯಾಚಿತ್ರವು ಅಲಂಕಾರವಲ್ಲ, ಅನಿವಾರ್ಯ ಸಾಧನ. ಅಂಗೈಯಲ್ಲಿ ಹಿಡಿಸುವ ಸಣ್ಣ ಕ್ಯಾಮೆರಾವೊಂದನ್ನು ಹಿಡಿದು ಲೋಕಾಪುರದ ಸುತ್ತಿನ ಗುಡ್ಡಗಳಲ್ಲಿಯೂ ಖಾನಾಪುರದ ಕಡೆಯ ಕಾಡಿನಲ್ಲಿಯೂ ಅಣಬೆಗಳ ಚಿತ್ರ ತೆಗೆದ ಅನುಭವದ ಆಧಾರದ ಮೇಲೆ, ಎಂತಹ ಚಿತ್ರ ಜಾನಪದ ದಾಖಲೆಯಾಗಬಲ್ಲದು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ವಿವರಿಸಲು ಯತ್ನಿಸಲಾಗಿದೆ.

ಲೋಕಾಪುರದಂತಹ ಒಣನೆಲದಲ್ಲಿ ಅಣಬೆಯೆಲ್ಲಿಂದ ಬಂತು ಎಂದು ಓದುಗರು ಕೇಳಬಹುದು. ಮುಧೋಳ ಸೀಮೆಯ ಈ ಊರನ್ನು ಭೂವಿಜ್ಞಾನಿಗಳು ಸುಣ್ಣದ ಕಲ್ಲಿನಿಂದ ಬಲ್ಲರು. ಕಲಾದಗಿ ಶಿಲಾಶ್ರೇಣಿಯ ಒಂದು ಉಪವರ್ಗಕ್ಕೆ ಇದರ ಹೆಸರನ್ನೇ ಇಟ್ಟಿದ್ದಾರೆ. ವರ್ಷದ ಮಳೆ 600 ಮಿ.ಮೀ.ಗೂ ಕಡಿಮೆ, ಅದರಲ್ಲಿ ದೊಡ್ಡ ಪಾಲು ಸೆಪ್ಟೆಂಬರಿನ ಸುಮಾರಿಗೆ ಬೀಳುತ್ತದೆ. ಗುಡ್ಡಗಳ ಮೇಲೆ ಇರುವುದು ಜಾಲಿ, ಮುಳ್ಳುಕಂಟಿಗಳ ಕುರುಚಲು ಕಾಡು. ನೆರೆಯ ಯಡಹಳ್ಳಿಯ ಇಂತಹದೇ ಕಾಡು 2016ರಲ್ಲಿ ಚಿಂಕಾರ ವನ್ಯಧಾಮವೆಂದು ಘೋಷಿತವಾಯಿತು. ಮಲೆನಾಡಿನ ಕಣ್ಣಿಗೆ ಇದು ಕಾಡೇ ಅಲ್ಲ. ಆದರೆ ಅಣಬೆಗೆ ಮರಕ್ಕಿಂತ ಹೆಚ್ಚಾಗಿ ಬೇಕಾದುದು ಈ ನೆಲದಲ್ಲಿ ಧಾರಾಳವಾಗಿದೆ: ಹುತ್ತ.

ಹೆಸರು ಹುಟ್ಟುವ ನೆಲೆ

ಮೊದಲು ಹೆಸರುಗಳನ್ನು ನೋಡಬೇಕು. ಗ್ರಂಥದ ಕನ್ನಡದಲ್ಲಿ ಅಣಬೆ, ನಮ್ಮ ಭಾಗದ ಆಡುಮಾತಿನಲ್ಲಿ ಅಣಬಿ, ತುಳುವಿನಲ್ಲಿ ಲಾಂಬು, ನೆರೆಯ ಮರಾಠಿಯಲ್ಲಿ ಅಳಂಬಿ. ಇವು ಒಂದೇ ಬಳಗದ ಪದಗಳೆಂಬುದು ಕಿವಿಗೇ ತಿಳಿಯುತ್ತದೆ. ಕೊಡವರಲ್ಲಿ ಮಾತ್ರ ಕುಮ್ಮು ಎಂಬ ಬೇರೆಯೇ ಪದವಿದೆ. ಇವುಗಳ ಪಕ್ಕದಲ್ಲಿ ನಾಯಿಕೊಡೆ, ನಾಯಿಛತ್ರಿ ಎಂಬ ಪದಗಳು ನಿಲ್ಲುತ್ತವೆ. ಇವನ್ನು ಅಣಬೆಯ ಸಮಾನಾರ್ಥಕಗಳೆಂದು ಕೊಡುವುದು ವಾಡಿಕೆಯಾದರೂ ಬಳಕೆಯಲ್ಲಿ ಅವು ಸಮಾನವಲ್ಲ. ನಾಯಿತುಳಸಿ, ನಾಯಿಸಾಸಿವೆಗಳಲ್ಲಿರುವಂತೆ ಇಲ್ಲಿಯೂ ‘ನಾಯಿ’ ಎಂಬುದು ಒಂದು ವರ್ಗಸೂಚಕ: ನೋಡಲು ಬೇಕಾದುದರಂತೆ ಇದ್ದು, ಬಳಕೆಗೆ ಬಾರದ್ದು ಎಂದು ಅದರ ಅರ್ಥ. ಬುಟ್ಟಿಗೆ ಬೀಳುವುದು ಅಣಬಿ, ಕಾಲಲ್ಲಿ ಒದೆಯುವುದು ನಾಯಿಕೊಡೆ. ಊರ ತುಂಬ ಬೇಡವಾದುದು ಹೆಚ್ಚಿದಾಗ ನಾಯಿಕೊಡೆಗಳಂತೆ ಎದ್ದಿವೆ ಎನ್ನುತ್ತೇವೆಯೇ ಹೊರತು ಅಣಬೆಯಂತೆ ಎನ್ನುವುದು ಕಡಿಮೆ.

ತಿನ್ನುವ ಅಣಬೆಗಳೊಳಗಿನ ವಿಂಗಡಣೆ ಆಕಾರವನ್ನು ಅವಲಂಬಿಸಿಲ್ಲ. ಹುತ್ತದ ಅಣಬೆ, ತಿಪ್ಪೆ ಅಣಬೆ, ಮರದ ಅಣಬೆ, ಕರಾವಳಿಯ ಕಲ್ಲಣಬೆ ಈ ಹೆಸರುಗಳೆಲ್ಲ ಹುಟ್ಟಿದ ನೆಲೆಯನ್ನು ಹೇಳುತ್ತವೆ. ಕಾಲವನ್ನು ಹೇಳುವಾಗ ತಿಂಗಳ ಹೆಸರಲ್ಲ, ಮಳೆಯ ಹೆಸರು ಬರುತ್ತದೆ: ಮೃಗಶಿರಾ ಮಳೆಯ ಅಣಬೆ, ಉತ್ತರಿ ಮಳೆಯ ಅಣಬೆ. ಗುಡುಗಿಗೆ ನೆಲ ಬಿರಿದು ಅಣಬೆ ಏಳುತ್ತದೆಂಬ ನಂಬಿಕೆ ನಮ್ಮ ಹಳ್ಳಿಗಳಲ್ಲಿದೆ. ಕಾಳಿದಾಸನ ಮೇಘದೂತದಲ್ಲಿಯೂ ಮೇಘದ ಗರ್ಜನೆಗೆ ಭೂಮಿ ಅಣಬೆಗಳನ್ನು ತಳೆಯುವ ಮಾತಿದೆ. ಶಿಷ್ಟ ಕಾವ್ಯವೂ ಜನಪದ ನಂಬಿಕೆಯೂ ಒಂದೆಡೆ ಕೂಡುವ ಈ ಸ್ಥಳವನ್ನು ಪ್ರತ್ಯೇಕವಾಗಿ ವಿವೇಚಿಸಬಹುದು. ಇಲ್ಲಿ ಮುಖ್ಯವಾದುದಿಷ್ಟೆ: ಜನಪದರ ಹೆಸರಿನಲ್ಲಿ ನೆಲ, ಕಾಲ, ವಾಸನೆ, ಬುಡ ಇವೆಲ್ಲ ಸೇರಿರುತ್ತವೆ. ಇವುಗಳಲ್ಲಿ ಕ್ಯಾಮೆರಾ ಸಹಜವಾಗಿ ಹಿಡಿಯುವುದು ಒಂದನ್ನೂ ಅಲ್ಲ. ಅದು ಹಿಡಿಯುವುದು ಕೊಡೆಯ ಮೇಲ್ಮೈಯನ್ನು.

ಆಯಿ ಕೇಳಿದ ಪ್ರಶ್ನೆ

ಈ ಅಂತರ ನನ್ನ ಅರಿವಿಗೆ ಬಂದದ್ದು ಪುಸ್ತಕದಿಂದಲ್ಲ. 2007ರ ಉತ್ತರಿ ಮಳೆಯಲ್ಲಿ, ಸಂಶೋಧನಾರ್ಥಿಯಾಗಿದ್ದಾಗ, ಸಾಲ ಮಾಡಿ ಕೊಂಡ ಸಣ್ಣ ಡಿಜಿಟಲ್ ಕ್ಯಾಮೆರಾದಿಂದ ಲೋಕಾಪುರದ ಸುತ್ತಿನ ಗುಡ್ಡದ ಬುಡದಲ್ಲಿಯೂ ಹೊಲಗಳ ಬದುವಿನಲ್ಲಿಯೂ ಅಣಬೆಗಳ ಚಿತ್ರ ತೆಗೆದೆ. ನಿಂತಲ್ಲಿಂದಲೇ ಬಗ್ಗಿ, ಮೇಲಿನಿಂದ ತೆಗೆದ ಚಿತ್ರಗಳವು. ಹನ್ನೊಂದನ್ನು ಸ್ಟುಡಿಯೋದಲ್ಲಿ ಮುದ್ರಿಸಿಕೊಂಡು, ಅಣಬೆ ಬಲ್ಲವಳೆಂದು ಸುತ್ತಿನವರೆಲ್ಲ ಹೇಳುತ್ತಿದ್ದ ವೃದ್ಧೆಯೊಬ್ಬಳ ಮುಂದೆ ಹರವಿದೆ. ಆಯಿ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದಳು. ಎರಡಕ್ಕೆ ಮಾತ್ರ ಹೆಸರು ಹೇಳಿದಳು. ಆ ಎರಡರಲ್ಲಿ ಹಿನ್ನೆಲೆಯ ತಿಪ್ಪೆ ಅಕಸ್ಮಾತ್ತಾಗಿ ಚಿತ್ರದೊಳಗೆ ಬಂದಿತ್ತು. ಉಳಿದ ಒಂಬತ್ತನ್ನು ಹಿಂದಕ್ಕೆ ತಳ್ಳಿದಳು.

“ತಮ್ಮಾ, ಎಲ್ಲಾ ಬರೇ ತೆಲಿ ತಗದಿಯಲ್ಲೊ. ಬುಡ ಎಲ್ಲೈತಿ? ಬೇರ ಕಾಣಲಾರದ ನಾ ಹೆಂಗ ಹೆಸರ ಹೇಳಲಿ? ತಪ್ಪ ಹೇಳಿ ನೀ ತಿಂದ್ರ ಪಾಪ ನನಗ.”

ನಾನು ಅದನ್ನು ಆಗ ವಕ್ತೃವಿನ ಅಸಹಕಾರವೆಂದು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡಿದ್ದೇನೆ. ಆ ಪುಟ ಈಗಲೂ ನನ್ನ ಬಳಿ ಇದೆ, ತೋರಿಸಲು ನಾಚಿಕೆಯಾಗುತ್ತದೆ. ಅವಳ ಪ್ರಶ್ನೆ ಎಷ್ಟು ಖಚಿತವಾದುದೆಂಬುದು ತಿಳಿಯಲು ಶಿಲೀಂಧ್ರಶಾಸ್ತ್ರದ ಕೆಲವು ಸಂಗತಿಗಳನ್ನು ಓದಬೇಕಾಯಿತು.

ಹುತ್ತದ ಅಣಬೆ ಟರ್ಮಿಟೋಮೈಸಿಸ್ ಎಂಬ ಕುಲಕ್ಕೆ ಸೇರಿದುದು. ಫ್ರೆಂಚ್ ವಿಜ್ಞಾನಿ ರೋಜರ್ ಹೈಮ್ 1942ರಲ್ಲಿ ಈ ಕುಲಕ್ಕೆ ಹೆಸರಿಟ್ಟನು. ಅವನ ಹೆಸರನ್ನೇ ಹೊತ್ತ ಟರ್ಮಿಟೋಮೈಸಿಸ್ ಹೈಮಿಯೈ ಎಂಬ ಪ್ರಭೇದವನ್ನು ದಕ್ಷಿಣ ಭಾರತದಿಂದ ಕೆ. ನಟರಾಜನ್ ಅವರು 1979ರಲ್ಲಿ ವರ್ಣಿಸಿದರು. ಗೆದ್ದಲುಗಳು ಒಣ ಕಸಕಡ್ಡಿಯನ್ನು ತಿಂದು ಹೊರಹಾಕಿದ ವಸ್ತುವಿನಿಂದ ಹುತ್ತದೊಳಗೆ ಜೇನುಗೂಡಿನಂತಹ ಹಾಸು ಕಟ್ಟಿ, ಅದರಲ್ಲಿ ಈ ಶಿಲೀಂಧ್ರವನ್ನು ಬೆಳೆಯುತ್ತವೆ. ಅದೇ ಅವುಗಳ ಆಹಾರ. ಮಳೆ ಬಿದ್ದು ನೆಲ ನೆನೆದಾಗ ಆ ಹಾಸಿನಿಂದ ಅಣಬೆ ಮೇಲಕ್ಕೆ ಹೊರಡುತ್ತದೆ. ಗಟ್ಟಿ ಮಣ್ಣನ್ನು ಸೀಳಲು ಅದರ ನೆತ್ತಿಗೆ ಮೊನೆಯಿರುತ್ತದೆ, ದಂಟಿನ ಕೆಳಗೆ ಹುತ್ತದೊಳಗಿನ ಹಾಸಿನವರೆಗೆ ಇಳಿದ ಉದ್ದನೆಯ ಬೇರಿನಂತಹ ಭಾಗವಿರುತ್ತದೆ. ಅದೇ ಮಳೆಗೆ ಹುಲ್ಲುಗಾವಲಿನಲ್ಲಿ ಏಳುವ ಇನ್ನೊಂದು ಅಣಬೆಯಿದೆ. ಕ್ಲೋರೋಫಿಲ್ಲಮ್ ಮೊಲಿಬ್ಡೈಟಿಸ್ ಎಂದು ಅದರ ಹೆಸರು. ಅದೂ ಬಿಳಿಯ ಕೊಡೆ, ಅದೂ ತಟ್ಟೆಯಗಲ, ನೋಡಲು ಅದಕ್ಕಿಂತ ಚೆಲುವು. ತಿಂದ ಒಂದರಿಂದ ಮೂರು ತಾಸಿನೊಳಗೆ ವಾಂತಿ, ಭೇದಿ ಹಿಡಿಯುತ್ತದೆ. ಅದರ ದಂಟಿಗೆ ಉಂಗುರವಿದೆ, ಬಲಿತಂತೆ ಕೊಡೆಯ ಒಳಮಡಿಕೆಗಳು ಹಸಿರಾಗುತ್ತವೆ, ಬುಡ ಅಲ್ಲಿಗೇ ಮುಗಿಯುತ್ತದೆ; ಕೆಳಗೆ ಬೇರಿಲ್ಲ. ಮೇಲಿನಿಂದ ತೆಗೆದ ಚಿತ್ರದಲ್ಲಿ ಇವೆರಡನ್ನೂ ಬೇರ್ಪಡಿಸುವ ಗುರುತುಗಳು ಬಹುಮಟ್ಟಿಗೆ ಮರೆಯಾಗುತ್ತವೆ. ಆಯಿ ಕೇಳಿದ್ದು ಆ ಗುರುತನ್ನು.

ಇಷ್ಟು ಹೇಳಿ ಜನಪದ ಜ್ಞಾನವೆಲ್ಲ ವಿಜ್ಞಾನವೆಂದು ಸಾರುವ ಉದ್ದೇಶ ನನಗಿಲ್ಲ. ಹುಳು ತಿಂದ ಅಣಬೆ ಮನುಷ್ಯರಿಗೂ ಆಗುತ್ತದೆ, ಬೆಳ್ಳಿ ನಾಣ್ಯ ಹಾಕಿ ಕುದಿಸಿದಾಗ ಕಪ್ಪಾಗದಿದ್ದರೆ ವಿಷವಿಲ್ಲ ಎಂಬ ಮಾತುಗಳೂ ಜನಪದವೇ; ಎರಡೂ ತಪ್ಪು, ಎರಡೂ ಅಪಾಯಕರ. ಗಮನಿಸಬೇಕಾದುದೆಂದರೆ, ನಿಜವಾಗಿ ಬಲ್ಲವರು ಇಂತಹ ಸಾರ್ವತ್ರಿಕ ಸೂತ್ರಗಳನ್ನು ಹೇಳುವುದು ಅಪರೂಪ. ಅವರು ತಮ್ಮ ಹೊಲದ, ತಮ್ಮ ಹುತ್ತದ ಮೂರು ನಾಲ್ಕು ಅಣಬೆಗಳನ್ನು ಮಾತ್ರ ಬಲ್ಲರು, ಉಳಿದದ್ದನ್ನು ಮುಟ್ಟುವುದಿಲ್ಲ.

ಸಣ್ಣ ಕ್ಯಾಮೆರಾದ ಗುಣಾವಗುಣ

ಮುಂದಿನ ಮಳೆಗಾಲದಿಂದ ಆಯಿಯ ಜೊತೆಯಲ್ಲಿಯೇ ಹೋಗತೊಡಗಿದೆ. ಆಗ ತಿಳಿದುದೇನೆಂದರೆ, ದೊಡ್ಡ ಕ್ಯಾಮೆರಾ ಇಲ್ಲವೆಂಬ ನನ್ನ ಕೊರಗು ಅನಗತ್ಯವಾದುದು. ಸಣ್ಣ ಕ್ಯಾಮೆರಾದೊಳಗೆ ಬೆಳಕು ಗ್ರಹಿಸುವ ಫಲಕ ಸುಮಾರು 6 ಮಿ.ಮೀ. ಅಗಲದ್ದು. ಫಲಕ ಚಿಕ್ಕದಾದಷ್ಟೂ ಹತ್ತಿರದಿಂದ ಹಿಂದಿನವರೆಗೆ ಹೆಚ್ಚು ಆಳ ಸ್ಪಷ್ಟವಾಗಿ ಮೂಡುತ್ತದೆ. ದೊಡ್ಡ ಕ್ಯಾಮೆರಾದಲ್ಲಿ ಕೊಡೆಯ ಅಂಚು ಸ್ಫುಟವಾದರೆ ದಂಟು ಮಸುಕು, ಹಿಂದಿನ ಹುತ್ತ ಬರಿಯ ಬಣ್ಣದ ಮೋಡ. ಪ್ರದರ್ಶನಕ್ಕೆ ಅದು ಚೆಂದ. ಹುತ್ತವೇ ಹೆಸರಿನ ಅರ್ಧಭಾಗವಾಗಿರುವಾಗ ಹುತ್ತವನ್ನು ಮಸುಕುಗೊಳಿಸಿದ ಚಿತ್ರ ನಮಗೆ ನಿರುಪಯುಕ್ತ. ಜಾನಪದ ಅಧ್ಯಯನವು ಪಠ್ಯದಿಂದ ಸಂದರ್ಭದತ್ತ ತಿರುಗಿ ದಶಕಗಳಾದವು. ಚಿತ್ರದಲ್ಲಿ ಸಂದರ್ಭವೆಂದರೆ ಈ ಹಿನ್ನೆಲೆಯೇ.

ಎರಡನೆಯ ಅನುಕೂಲ ಗಾತ್ರದ್ದು. ಸಣ್ಣ ಕ್ಯಾಮೆರಾವನ್ನು ನೆಲದ ಮೇಲೆಯೇ ಇಡಬಹುದು. ನಾನು ಒಂದು ಹಳೆಯ ಬಟ್ಟೆಯಲ್ಲಿ ಎರಡು ಹಿಡಿ ಜೋಳ ಕಟ್ಟಿ ಗಂಟು ಮಾಡಿಕೊಂಡಿದ್ದೇನೆ. ಅದರ ಮೇಲೆ ಕ್ಯಾಮೆರಾ ಕೂರಿಸಿ, ಗುಂಡಿ ಒತ್ತಿದ ಎರಡು ಸೆಕೆಂಡಿನ ನಂತರ ಚಿತ್ರ ತೆಗೆಯುವಂತೆ ಹೊಂದಿಸಿದರೆ ಮೋಡದ ಮಂದ ಬೆಳಕಿನಲ್ಲಿಯೂ ಕೈ ನಡುಕದ ಭಯವಿಲ್ಲ. ಅಣಬೆಯನ್ನು ಅದರ ಕಣ್ಣಳತೆಯಲ್ಲಿ ನೋಡಲು ಇದೊಂದೇ ದಾರಿ, ಅಂಗಿಗೆ ಕೆಸರಾಗುವುದು ಮಾತ್ರ ತಪ್ಪದು.

ದೋಷಗಳೂ ಇವೆ. ಹೂವಿನ ಚಿಹ್ನೆಯ ಸಮೀಪಚಿತ್ರಣದ ಕ್ರಮದಲ್ಲಿ ಈ ಕ್ಯಾಮೆರಾಗಳು ಎರಡು ಮೂರು ಸೆಂಟಿಮೀಟರಿನಷ್ಟು ಹತ್ತಿರ ಹೋಗಬಲ್ಲವು, ಆದರೆ ಮಸೂರವು ಅತಿ ಅಗಲದ ನೋಟದಲ್ಲಿದ್ದಾಗ ಮಾತ್ರ. ಅಷ್ಟು ಹತ್ತಿರದಿಂದ ತೆಗೆದಾಗ ಮುಂದಿನ ಕೊಡೆ ಊದಿಕೊಂಡು ಹಿಂದಿನ ದಂಟು ಕಡ್ಡಿಯಂತಾಗುತ್ತದೆ, ಪ್ರಮಾಣ ಸುಳ್ಳಾಗುತ್ತದೆ. ಆದ್ದರಿಂದ ಹತ್ತಿರದ ಚಿತ್ರದೊಡನೆ, ಒಂದು ಮೊಳ ಹಿಂದೆ ಸರಿದು ಮಸೂರವನ್ನು ಚಾಚಿ ತೆಗೆದ ಇನ್ನೊಂದು ಚಿತ್ರ ಇರಲೇಬೇಕು. ಅದರಲ್ಲಿ ಅಳತೆಪಟ್ಟಿಯಿರಲಿ. ನಾಣ್ಯವನ್ನಿಡುವುದು ರೂಢಿ; ಆದರೆ ಒಂದು ರೂಪಾಯಿಯ ನಾಣ್ಯವೇ 1992ರ ಮಾದರಿಯಲ್ಲಿ 25 ಮಿ.ಮೀ., 2011ರ ಮಾದರಿಯಲ್ಲಿ 22 ಮಿ.ಮೀ. ವ್ಯಾಸದ್ದು.

ಬಣ್ಣದ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು. ಕಪ್ಪು ಮಣ್ಣಿನ ಮೇಲಿನ ಬಿಳಿಯ ಅಣಬೆಯನ್ನು ಕ್ಯಾಮೆರಾ ತನ್ನಿಷ್ಟಕ್ಕೆ ಬಿಟ್ಟರೆ ಸುಣ್ಣದ ಉಂಡೆ ಮಾಡುತ್ತದೆ; ಬೆಳಕಿನ ಮಟ್ಟವನ್ನು ಒಂದು ಹಂತದಷ್ಟು ತಗ್ಗಿಸಿದಾಗಲೇ ಕೊಡೆಯ ಮೇಲಿನ ಹುರುಪೆ, ಗೀರುಗಳು ಕಾಣುತ್ತವೆ. ಫ್ಲ್ಯಾಶ್ ಹಾಕುವುದು ಬೇಡ. ಬಿಸಿಲಿದ್ದರೆ ಛತ್ರಿ ಹಿಡಿಯಬೇಕು, ಕೆಳಗಿನ ಕತ್ತಲೆಗೆ ಒಂದು ಬಿಳಿಯ ಕಾಗದದಿಂದ ಬೆಳಕು ತಿರುಗಿಸಬೇಕು. ಖಾನಾಪುರದ ಕಡೆಯ ದಟ್ಟ ಕಾಡಿನಲ್ಲಿ ಎಲೆಗಳ ಮೂಲಕ ಇಳಿಯುವ ಬೆಳಕೇ ಹಸಿರಾಗಿರುವುದರಿಂದ ಬಿಳಿಯ ಒಳಮಡಿಕೆಯೂ ಹಸಿರಾಗಿ ಮೂಡುತ್ತದೆ. ಒಳಮಡಿಕೆಯ ಹಸಿರೇ ವಿಷದ ಅಣಬೆಯೊಂದರ ಗುರುತಾಗಿರುವಾಗ ಈ ದೋಷ ಸಣ್ಣದಲ್ಲ. ಅದೇ ಬಿಳಿಯ ಕಾಗದವನ್ನು ಅಣಬೆಯ ಪಕ್ಕದಲ್ಲಿಟ್ಟು ಒಂದು ಚಿತ್ರ ತೆಗೆದರೆ ನಂತರ ಬಣ್ಣವನ್ನು ತಾಳೆನೋಡಬಹುದು. ಸಂಶಯ ಉಳಿದರೆ, ದಂಟು ಮುರಿದ ಕೊಡೆಯನ್ನು ಅರ್ಧ ಬಿಳಿ, ಅರ್ಧ ಕಪ್ಪು ಕಾಗದದ ಮೇಲೆ ಮಗುಚಿ ರಾತ್ರಿಯಿಡೀ ಬಟ್ಟಲು ಮುಚ್ಚಿಡುವುದು; ಬೆಳಿಗ್ಗೆ ಉದುರಿದ ಬೀಜಕಣಗಳ ಬಣ್ಣ ತಿಳಿಯುತ್ತದೆ. ಹುತ್ತದ ಅಣಬೆಯದು ನಸುಗುಲಾಬಿ, ಇನ್ನೊಂದರದು ಹಸಿರು.

ಇನ್ನು ಬೇರು. ಆಯಿ ಕುರ್ಪಿಯಿಂದ ಒಂದು ಬದಿಯ ಮಣ್ಣನ್ನಷ್ಟೇ ಬಿಡಿಸುತ್ತಿದ್ದಳು. ಅಣಬೆ ನಿಂತಲ್ಲಿಯೇ ನಿಂತು, ಗೋಡೆಯ ಬಿರುಕಿನಲ್ಲಿ ಕಂಡಂತೆ ಬೇರು ಹುತ್ತಕ್ಕೆ ಇಳಿದುದು ಕಾಣುತ್ತಿತ್ತು. ನನ್ನ ಉತ್ತಮ ಚಿತ್ರಗಳೆಲ್ಲ ಅವಳು ಹೀಗೆ ಬಿಡಿಸಿಕೊಟ್ಟವು. ಎಲ್ಲ ಹುತ್ತದ ಅಣಬೆಗಳಿಗೂ ಇದು ಅನ್ವಯಿಸದು. ಅಕ್ಕಿಕಾಳಿನಂತೆ ಸಾವಿರಾರು ಒಮ್ಮೆಲೇ ಏಳುವ ಸಣ್ಣ ಜಾತಿಯು ಗೆದ್ದಲು ಹೊರಗೆ ಎಸೆದ ಹಾಸಿನ ಚೂರುಗಳ ಮೇಲೆ ಬೆಳೆಯುವುದರಿಂದ ಅದಕ್ಕೆ ಆಳದ ಬೇರಿಲ್ಲ.

ಒಂದು ತಪ್ಪನ್ನು ಇಲ್ಲಿ ಒಪ್ಪಿಕೊಳ್ಳಬೇಕು. 2009ರಲ್ಲಿ ಬ್ಯಾಟರಿ ಪೂರ್ತಿ ಇಳಿದು ಕ್ಯಾಮೆರಾದ ದಿನಾಂಕ ಅಳಿಸಿಹೋಗಿತ್ತು, ನಾನು ಗಮನಿಸಲಿಲ್ಲ. ಆ ವರ್ಷದ ಎಲ್ಲ ಚಿತ್ರಗಳೂ ಜನವರಿ ಒಂದರವು. ದಿನಾಂಕ ಸರಿಯಿದ್ದರೆ ಅದನ್ನು ಮಳೆ ನಕ್ಷತ್ರಕ್ಕೆ ಪರಿವರ್ತಿಸುವುದು ಸುಲಭ, ಜೂನ್ 26 ಎಂದರೆ ಆರಿದ್ರಾ. ದಿನಾಂಕವಿಲ್ಲದ ಅಣಬೆಯ ಚಿತ್ರ ಹಾಡಿದವರ ಹೆಸರಿಲ್ಲದ ಹಾಡಿನ ಹಾಗೆ.

ಅಪರೂಪದವು

ಲೋಕಾಪುರದಂತಹ ಒಣನೆಲದ ವಿಶೇಷವೆಂದರೆ ಅರಳದ ಕೊಡೆ, ಪೊಡ್ಯಾಕ್ಸಿಸ್ ಪಿಸ್ಟಿಲ್ಲಾರಿಸ್. ಗೇಣುದ್ದದ ಗಟ್ಟಿ ದಂಟು, ಮೇಲೆ ಮಡಚಿಟ್ಟ ಛತ್ರಿಯಂತಹ ತಲೆ. ಹುತ್ತದ ಮೇಲೆಯೂ ಬರಿ ನೆಲದಲ್ಲಿಯೂ ಏಳುತ್ತದೆ, ಒಣಗಿದ ಮೇಲೆ ಬಹುದಿನ ನಿಲ್ಲುತ್ತದೆ. ಒಳಗೆಲ್ಲ ಕಪ್ಪು ಪುಡಿ. ಎಳೆಯದಿದ್ದಾಗ ರಾಜಸ್ಥಾನದಲ್ಲಿ ಇದನ್ನು ತಿನ್ನುತ್ತಾರೆ. ಆಸ್ಟ್ರೇಲಿಯದ ಮೂಲನಿವಾಸಿಗಳು ಇದರ ಪುಡಿಯಿಂದ ನರೆಗೂದಲನ್ನು ಕಪ್ಪಾಗಿಸಿಕೊಳ್ಳುತ್ತಿದ್ದರೆಂಬ ದಾಖಲೆಯಿದೆ. ಆಯಿಗೆ ಇದನ್ನು ಹೇಳಿದಾಗ ಬಹಳ ಹೊತ್ತು ನಕ್ಕಳು. ಇಂತಹದನ್ನು ಎಳೆಯ, ಬಲಿತ, ಒಡೆದ ಮೂರೂ ಅವಸ್ಥೆಗಳಲ್ಲಿ ಚಿತ್ರಿಸದಿದ್ದರೆ ಒಂದೇ ಅಣಬೆ ಮೂರಾಗಿ ಕಾಣುತ್ತದೆ. ಕರಾವಳಿಯ ಕಲ್ಲಣಬೆಯದೂ ಇದೇ ಸಮಸ್ಯೆ. ಜಂಬಿಟ್ಟಿಗೆ ಮಣ್ಣಿನಲ್ಲಿ ಮೊದಲ ಮಳೆಗೆ ಹುಟ್ಟುವ ಗುಂಡನೆಯ ಉಂಡೆಯನ್ನು ಜನರು ಆಯ್ದು ಪಲ್ಯ ಮಾಡುತ್ತಾರೆ. ಅದೇ ಬಲಿತು ಹೊರಸಿಪ್ಪೆ ಸೀಳಿ ನಕ್ಷತ್ರದಂತೆ ಅರಳಿದಾಗ ತಿನ್ನಲು ಬಾರದ್ದಾಗುತ್ತದೆ. ಮಂಗಳೂರು ವಿಶ್ವವಿದ್ಯಾನಿಲಯದ ಕೆ.ಆರ್. ಶ್ರೀಧರ್ ಮತ್ತು ಅವರ ಸಹೋದ್ಯೋಗಿಗಳು ಈ ಆಸ್ಟ್ರಿಯಸ್ ಕುಲದ ಅಣಬೆಗಳನ್ನು ಜನರ ಹೆಸರುಗಳೊಡನೆ ಅಧ್ಯಯನ ಮಾಡಿರುವುದು ಶ್ಲಾಘನೀಯ.

ಚಿತ್ರವೊಂದೇ ಸಾಕ್ಷಿಯಾಗಿ ಉಳಿದ ಪ್ರಸಂಗವೂ ಉಂಟು. 2023ರ ಜೂನ್ 19ರಂದು ಕಾರ್ಕಳದ ಮಾಳದಲ್ಲಿ, ಕುದುರೆಮುಖ ಶ್ರೇಣಿಯ ಬುಡದ ಹೊಂಡವೊಂದರ ಬಳಿ, ಪಕ್ಕೆಯ ಮೇಲೆ ಸಣ್ಣ ಅಣಬೆ ಹೊತ್ತ ಜೀವಂತ ಕಪ್ಪೆಯೊಂದು ಕೆಲವು ಪ್ರಕೃತಿಪ್ರಿಯರ ಕಣ್ಣಿಗೆ ಬಿತ್ತು. ಅವರು ಅದನ್ನು ಹಿಡಿಯಲಿಲ್ಲ, ಚಿತ್ರ ತೆಗೆದು ಬಿಟ್ಟರು. ಚಿತ್ರ ನೋಡಿದ ತಜ್ಞರು ಅಣಬೆ ಮೈಸೀನಾ ಕುಲದ್ದೆಂದರು. 2024ರಲ್ಲಿ ವರದಿ ಪ್ರಕಟವಾಗಿ ಜಗತ್ತೇ ಬೆರಗಾಯಿತು. ಕೊಳೆತ ಕಟ್ಟಿಗೆಯ ಮೇಲೆ ಬೆಳೆಯಬೇಕಾದುದು ಜೀವಂತ ಕಪ್ಪೆಯ ಮೈಮೇಲೆ ಹೇಗೆ ಬೆಳೆಯಿತು, ಎಷ್ಟು ಆಳಕ್ಕಿಳಿದಿತ್ತು ಎಂಬುದು ಮಾತ್ರ ತಿಳಿಯದೇ ಉಳಿಯಿತು. ಅಲ್ಲಿಯೂ ಕಾಣದೆ ಹೋದದ್ದು ಬೇರೇ. ಅದೇ 2024ರಲ್ಲಿ ಕಾಸರಗೋಡು ಜಿಲ್ಲೆಯ ರಾಣಿಪುರಂ ಕಾಡಿನಲ್ಲಿ ಕತ್ತಲೆಯಲ್ಲಿ ಹಸಿರಾಗಿ ಬೆಳಗುವ ಫಿಲೊಬೊಲೆಟಸ್ ಅಣಬೆ ದಾಖಲಾಯಿತು. ಅಂತಹ ಬೆಳಕನ್ನು ಹಿಡಿಯಲು ಹತ್ತಾರು ಸೆಕೆಂಡು ಕಣ್ಣು ತೆರೆದಿರುವ ಕ್ಯಾಮೆರಾ ಬೇಕು. ಸಣ್ಣ ಕ್ಯಾಮೆರಾಗಳಲ್ಲಿ ಕೆಲವಕ್ಕೆ ಮಾತ್ರ ಆ ಸೌಲಭ್ಯವಿದೆ, ನನ್ನದಕ್ಕಿಲ್ಲ.

ಹುತ್ತದ ಗುಟ್ಟು

ಕೊನೆಗೆ, ತಂತ್ರಕ್ಕಿಂತ ಕಠಿಣವಾದ ಪ್ರಶ್ನೆಯೊಂದು. ಅಣಬೆ ಏಳುವ ಹುತ್ತ ಎಲ್ಲಿದೆಯೆಂಬುದು ಹಳ್ಳಿಗಳಲ್ಲಿ ಮನೆತನದ ಗುಟ್ಟು. ಅತ್ತೆ ಸೊಸೆಗೆ ಹೇಳುತ್ತಾಳೆ, ನೆರೆಯವಳಿಗೆ ಹೇಳುವುದಿಲ್ಲ. ನಾಗರಪಂಚಮಿಗೆ ಹಾಲೆರೆಯುವ ಹುತ್ತವನ್ನು ಯಾರೂ ಒಡೆಯುವುದಿಲ್ಲವಾದ್ದರಿಂದ ಕೆಲವು ಹುತ್ತಗಳು ತಲೆಮಾರುಗಳಿಂದ ಉಳಿದಿವೆ. ಉಳಿದವು ಟ್ರ್ಯಾಕ್ಟರಿನ ನೇಗಿಲಿಗೂ ಬದು ಸಮಮಾಡುವ ಯಂತ್ರಕ್ಕೂ ಹೋಗುತ್ತಿವೆ. ಇಂದಿನ ಮೊಬೈಲುಗಳೂ ಕೆಲವು ಸಣ್ಣ ಕ್ಯಾಮೆರಾಗಳೂ ಚಿತ್ರದೊಡನೆ ಅಕ್ಷಾಂಶ ರೇಖಾಂಶಗಳನ್ನು ತಾವೇ ಬರೆದಿಡುತ್ತವೆ. ಚಿತ್ರ ಹಂಚಿದರೆ ಗುಟ್ಟೂ ಹಂಚಿದಂತೆ. 2002ರ ಜೀವವೈವಿಧ್ಯ ಕಾಯಿದೆಯಡಿ ಗ್ರಾಮಮಟ್ಟದಲ್ಲಿ ಸಿದ್ಧವಾಗುವ ಜನತಾ ಜೀವವೈವಿಧ್ಯ ದಾಖಲೆಯಲ್ಲಿ ಅಣಬೆಗಳಿಗೂ ಸ್ಥಾನ ಸಿಗಬೇಕೆಂಬುದು ನನ್ನ ಅಭಿಪ್ರಾಯ. ಆದರೆ ಊರು, ನೆಲದ ಬಗೆ, ಮಳೆಯ ಹೆಸರು ಇಷ್ಟು ಸಾಕು, ಹುತ್ತದ ಗುರುತು ಬೇಡ. ವನ್ಯಧಾಮದೊಳಗಿನ ಮಾತು ಬೇರೆ, ಅಲ್ಲಿ ಅನುಮತಿಯಿಲ್ಲದೆ ಕಾಲಿಡುವುದೂ ಕೀಳುವುದೂ ಕಾನೂನಿಗೆ ವಿರುದ್ಧ.

ಆಯಿ ತೀರಿಕೊಂಡು ಈಗ ಕೆಲವು ವರ್ಷಗಳಾದವು. ಅವಳ ಜೊತೆಯಲ್ಲಿ ತೆಗೆದ ಚಿತ್ರಗಳಲ್ಲಿ ಹದಿನಾಲ್ಕು ಅಣಬೆಗಳಿಗೆ ಅವಳು ಕೊಟ್ಟ ಹೆಸರು, ನೆಲೆ, ಮಳೆ, ತಿನ್ನುವ ಬಗೆ ದಾಖಲಾಗಿವೆ. 2007ರ ಆ ಒಂಬತ್ತು ಚಿತ್ರಗಳನ್ನೂ ಅದೇ ಕಡತದಲ್ಲಿ ಇಟ್ಟಿದ್ದೇನೆ. ಹೆಸರಿನ ಕಾಲಂನಲ್ಲಿ ‘ಬೇರು ಕಂಡಿಲ್ಲ’ ಎಂದು ಬರೆದಿದೆ.